ದೇವರ ಕೈ ನೋಡುತ್ತಾ ಏಳು ದಿನ

ಸಾಗರದಲ್ಲಿ ನಾನು ಚಿಕ್ಕವಳಿದ್ದಾಗ ಅಜ್ಜ ಇಕ್ಕೇರಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಕಲ್ಲಿನ ಮೂರ್ತಿ ತೋರಿಸಿ "ಇದ್ಯಾರು ಹೇಳು" ಅಂತ ಕೇಳುತ್ತಿದ್ದರು. ನಾನು ಮುಖ ದಿಟ್ಟಿಸುತ್ತಿದ್ದೆ. "ಮುಖ ಅಲ್ಲ ಕೂಸೇ, ಕೈ ನೋಡು. ಕೈಯಲ್ಲಿ ಏನಿದೆ ನೋಡು" ಅನ್ನುತ್ತಿದ್ದರು. ಶಂಖ ಚಕ್ರ ಇದ್ದರೆ ವಿಷ್ಣು, ತ್ರಿಶೂಲ ಡಮರು ಇದ್ದರೆ ಶಿವ. ಕೈಯೇ ಮುರಿದು ಹೋಗಿದ್ದರೆ? ಆಗ ಅಜ್ಜನೂ ಸುಮ್ಮನಾಗುತ್ತಿದ್ದರು.

ದಸರಾ ರಜೆಯಲ್ಲಿ ಮಗಳ ಜೊತೆ ಗ್ರೀಸಿಗೆ ಹೋದಾಗ ಆ ಪಾಠ ದಿನಾ ನೆನಪಾಯಿತು. ಹೋಗೋಣ ಅಂತ ಹಟ ಹಿಡಿದಿದ್ದು ಅವಳೇ. ಒಂಬತ್ತನೇ ಕ್ಲಾಸಿನ ಹುಡುಗಿ. ಎರಡು ವರ್ಷದಿಂದ ಗ್ರೀಕ್ ದೇವರ ಕಥೆ ಬಿಟ್ಟು ಬೇರೆ ಓದಿಲ್ಲ. ಕಾಮಿಕ್ಸ್, ಕಾದಂಬರಿ, ವಿಡಿಯೊ ಗೇಮ್, ಎಲ್ಲದರಲ್ಲೂ ಅವರೇ. ನನಗೆ ಗೊತ್ತಿದ್ದಿದ್ದು ನಾಲ್ಕೈದು ಹೆಸರು ಅಷ್ಟೇ.

ಮೊದಲ ದಿನ: ಅಥೆನ್ಸ್

ವಿಮಾನ ನಿಲ್ದಾಣದಿಂದ ಮೆಟ್ರೊ ಹಿಡಿದು ಊರೊಳಗೆ ಬಂದೆವು. ಗಣಿತದ ಕ್ಲಾಸಿನಲ್ಲಿ ಪೈ, ಥೀಟಾ, ಸಿಗ್ಮಾ ಕಲಿತವಳಿಗೆ ಸ್ಟೇಷನ್ನಿನ ಬೋರ್ಡುಗಳೆಲ್ಲ ಒಗಟು ಬಿಡಿಸುವ ಆಟ. "ಅಮ್ಮಾ, ಇದು ಸಿಗ್ಮಾ, ಅಂದ್ರೆ ಸ. ಇದು ಗಾಮಾ, ಅಂದ್ರೆ ಗ. ಸಿಂಟಾಗ್ಮಾ! ಇಲ್ಲೇ ಇಳೀಬೇಕು." ಅವತ್ತಿನಿಂದ ಕಂಡ ಬೋರ್ಡನ್ನೆಲ್ಲ ಓದುವುದೇ ಅವಳ ಕೆಲಸವಾಯಿತು.

ರೂಮಿಗೆ ಬ್ಯಾಗ್ ಹಾಕಿ ಸಂಜೆಗೆ ಅಕ್ರೊಪೊಲಿಸ್ ಮ್ಯೂಸಿಯಮ್ಮಿಗೆ ನಡೆದೆವು. 2009ರಲ್ಲಿ ತೆರೆದ ಕಟ್ಟಡ. ಒಳಗೆ ಹೆಜ್ಜೆ ಇಟ್ಟರೆ ಕಾಲ ಕೆಳಗೆ ಗಾಜು, ಗಾಜಿನ ಕೆಳಗೆ ಹಳೆಯ ಊರಿನ ಮನೆಗಳ ಪಾಯ.

ಮೊದಲು ನನ್ನನ್ನು ನಿಲ್ಲಿಸಿದ್ದು ಒಬ್ಬ ಹುಡುಗಿ. ಅವಳಿಗೆ ಪೆಪ್ಲೋಸ್ ಕೋರೆ ಅಂತ ಹೆಸರಿಟ್ಟಿದ್ದಾರೆ. ಕೋರೆ ಅಂದರೆ ಹುಡುಗಿ, ಪೆಪ್ಲೋಸ್ ಅಂದರೆ ಅವಳು ಉಟ್ಟ ಬಟ್ಟೆ. ಕ್ರಿ.ಪೂ. 530ರ ಸುಮಾರಿನವಳು. ನಾಲ್ಕು ಅಡಿಗಿಂತ ಸ್ವಲ್ಪ ಕಮ್ಮಿ ಎತ್ತರ. ಕೂದಲಲ್ಲಿ, ಕಣ್ಣಲ್ಲಿ, ತುಟಿಯಲ್ಲಿ ಕೆಂಪು ಬಣ್ಣ ಇನ್ನೂ ಉಳಿದಿದೆ. ಗ್ರೀಕರ ಅಮೃತಶಿಲೆ ಬೆಳ್ಳಗೆ ಹೊಳೆಯುತ್ತಿತ್ತು ಅಂತ ನಾವು ಅಂದುಕೊಂಡಿದ್ದೇವೆ, ಅಲ್ವಾ? ನಿಜವಾಗಿ ಅವರು ಮೂರ್ತಿಗಳಿಗೆಲ್ಲ ಬಣ್ಣ ಹಚ್ಚುತ್ತಿದ್ದರು. ಮಳೆ ಬಿಸಿಲಿಗೆ ಬಣ್ಣ ಹೋಯಿತು, ಕಲ್ಲು ಉಳಿಯಿತು. ನಾವು ಆ ಉಳಿದ ಕಲ್ಲನ್ನೇ ಅವರ ದೇವರು ಅಂದುಕೊಂಡೆವು.

ಈ ಹುಡುಗಿ ಯಾರು? ಎಡಗೈಯನ್ನು ಬೇರೆ ತುಂಡಿನಲ್ಲಿ ಮಾಡಿ ಕೂರಿಸಿದ್ದರು. ಅದು ಕಳೆದುಹೋಗಿದೆ, ಜೋಡಿಸಿದ ಜಾಗ ಮಾತ್ರ ಕಾಣುತ್ತದೆ. ಆ ಕೈಯಲ್ಲಿ ಬಿಲ್ಲು ಇತ್ತು, ಇವಳು ಬೇಟೆಯ ದೇವತೆ ಆರ್ಟೆಮಿಸ್ ಅಂತ ಕೆಲವರು. ಅಥೀನಾ ಅಂತ ಕೆಲವರು. ದೇವತೆಯೇ ಅಲ್ಲ, ಹರಕೆಗೆ ಒಪ್ಪಿಸಿದ ಬೊಂಬೆ ಅಂತ ಇನ್ನು ಕೆಲವರು. ಒಂದು ಕೈ ಸಿಕ್ಕಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಅಜ್ಜ ನೆನಪಾಗಿದ್ದು ಅಲ್ಲಿಯೇ.

ಮೇಲಿನ ಮಹಡಿಯಲ್ಲಿ, ಅಕ್ರೊಪೊಲಿಸ್ ಗುಡ್ಡದ ಮೇಲಿನ ಅಥೀನಾಳ ಗುಡಿ ಪಾರ್ಥೆನಾನಿನ ಸುತ್ತ ಇದ್ದ ಉಬ್ಬುಶಿಲ್ಪದ ಪಟ್ಟಿ. ಪೂರ್ತಿ 160 ಮೀಟರ್ ಉದ್ದ. ಅಥೀನಾಳ ಹಬ್ಬದ ಮೆರವಣಿಗೆ. ಕುದುರೆ, ಹೋರಿ, ನೀರಿನ ಕೊಡ ಹೊತ್ತವರು, ಎಲ್ಲರೂ ಸಾಗುತ್ತಿದ್ದಾರೆ. ಕೊನೆಯಲ್ಲಿ ದೇವರುಗಳು ಕೂತಿದ್ದಾರೆ. ಅವರು ಕೂತ ಎತ್ತರವೂ ಮನುಷ್ಯರು ನಿಂತ ಎತ್ತರವೂ ಒಂದೇ. ಎದ್ದು ನಿಂತರೆ ಎಷ್ಟು ಎತ್ತರ ಆಗುತ್ತಾರೆ ಅಂತ ನೋಡುವವರೇ ಲೆಕ್ಕ ಹಾಕಿಕೊಳ್ಳಬೇಕು. ಅಪೊಲೊ ಹಿಂದಕ್ಕೆ ತಿರುಗಿ ಸಮುದ್ರದ ದೇವರು ಪೊಸೈಡನ್ ಜೊತೆ ಏನೋ ಮಾತಾಡುತ್ತಿದ್ದಾನೆ. ಮದುವೆ ಮನೆಯಲ್ಲಿ ಮುಂದಿನ ಸಾಲಿನ ಕುರ್ಚಿಯವರು ಹಿಂದೆ ತಿರುಗಿ ಮಾತಾಡುವ ಹಾಗೆ.

ನಡುನಡುವೆ ಸುಣ್ಣದ ಹಾಗೆ ಬಿಳುಚಿದ ತುಂಡುಗಳು. ಅವು ಅಚ್ಚು ತೆಗೆದ ನಕಲು. ಹೆಚ್ಚಿನವುಗಳ ಅಸಲಿ ಲಂಡನ್ನಿನಲ್ಲಿದೆ. 1801ರಿಂದ ಲಾರ್ಡ್ ಎಲ್ಗಿನ್ ಕಡೆಯವರು ಬಿಚ್ಚಿ ಸಾಗಿಸಿದರು, 1816ರಲ್ಲಿ ಬ್ರಿಟನ್ ಸರ್ಕಾರ ಕೊಂಡುಕೊಂಡಿತು. ಜೇನು ಬಣ್ಣದ ಹಳೆಯ ಕಲ್ಲಿನ ಪಕ್ಕದಲ್ಲಿ ಆ ಬಿಳುಪು ನೋಡಿದರೆ ಹೊಟ್ಟೆ ಉರಿಯುತ್ತದೆ. ಅವೆಲ್ಲ ಇಲ್ಲಿಗೇ ವಾಪಸ್ ಬರಬೇಕು. ನನಗೆ ಇದರಲ್ಲಿ ಎರಡನೇ ಮಾತಿಲ್ಲ.

ಎರಡನೇ ದಿನ: ಗುಡ್ಡ, ಆಮೇಲೆ ಒಂದು ಕೈ

ಬೆಳಿಗ್ಗೆ ಬೇಗ ಅಕ್ರೊಪೊಲಿಸ್ ಹತ್ತಿದೆವು. ಪಾರ್ಥೆನಾನ್ ಕಟ್ಟಲು ಶುರು ಮಾಡಿದ್ದು ಕ್ರಿ.ಪೂ. 447ರಲ್ಲಿ, ಕೆತ್ತನೆ ಮುಗಿದಿದ್ದು 432ಕ್ಕೆ. ಅದು ಹಾಳಾಗಿದ್ದು ಕಾಲದಿಂದಲ್ಲ, ಮದ್ದಿನಿಂದ. ತುರ್ಕರು ಒಳಗೆ ಸಿಡಿಮದ್ದು ತುಂಬಿಟ್ಟಿದ್ದರು, 1687ರಲ್ಲಿ ವೆನಿಸ್ಸಿನವರ ಗುಂಡು ಬಿದ್ದು ನಡುಭಾಗವೇ ಸಿಡಿದು ಹೋಯಿತು.

ನನಗೆ ಜಾಸ್ತಿ ಹಿಡಿಸಿದ್ದು ಪಕ್ಕದ ಎರೆಕ್ಥಿಯನ್ ಗುಡಿ. ಈ ಊರು ಯಾರದಾಗಬೇಕು ಅಂತ ಅಥೀನಾಗೂ ಪೊಸೈಡನ್‌ಗೂ ಸ್ಪರ್ಧೆ ನಡೆಯಿತಂತೆ. ಪೊಸೈಡನ್ ತ್ರಿಶೂಲದಿಂದ ಬಂಡೆಗೆ ಹೊಡೆದ, ಉಪ್ಪುನೀರು ಚಿಮ್ಮಿತು. ಅಥೀನಾ ಒಂದು ಆಲಿವ್ ಗಿಡ ಕೊಟ್ಟಳು. ಅವಳು ಗೆದ್ದಳು. ಉತ್ತರದ ಮಂಟಪದ ನೆಲದಲ್ಲಿ ತ್ರಿಶೂಲ ನಾಟಿದ ಗುರುತು ಅಂತ ಒಂದು ಕುಳಿ ಇದೆ. ಅದರ ನೇರಕ್ಕೆ ಚಾವಣಿಯಲ್ಲೂ ಕಿಂಡಿ ಬಿಟ್ಟಿದ್ದಾರೆ. ದೇವರ ಏಟು ಬಿದ್ದ ದಾರಿಯನ್ನು ಮುಚ್ಚಬಾರದು ಅಂತ ಕಟ್ಟಿದವರಿಗೆ ಅನ್ನಿಸಿರಬೇಕು.

ಗೋಡೆ ಪಕ್ಕ ಒಂದು ಆಲಿವ್ ಮರ ಇದೆ. ಈಗಿರುವುದು ಇಪ್ಪತ್ತನೇ ಶತಮಾನದಲ್ಲಿ ನೆಟ್ಟದ್ದು. ಆದರೆ ಮರದ ಕಥೆ ಹಳೆಯದು. ಕ್ರಿ.ಪೂ. 480ರಲ್ಲಿ ಪರ್ಷಿಯದವರು ಗುಡ್ಡಕ್ಕೆ ಬೆಂಕಿ ಇಟ್ಟರು, ಅಥೀನಾಳ ಮರವೂ ಸುಟ್ಟಿತು. ಮಾರನೇ ದಿನ ಹೋಗಿ ನೋಡಿದರೆ ಬುಡದಿಂದ ಮೊಳದುದ್ದ ಚಿಗುರು ಬಂದಿತ್ತು ಅಂತ ಹಳೆಯ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಮಗಳು ಕೆಳಗೆ ಬಿದ್ದ ಒಂದು ಎಲೆ ಎತ್ತಿಕೊಂಡಳು. ಮೇಲೆ ಹಸಿರು, ಕೆಳಗೆ ಬೆಳ್ಳಿ.

ಪಾರ್ಥೆನಾನಿನ ಒಳಗೆ ಸುಮಾರು 12 ಮೀಟರ್ ಎತ್ತರದ ಚಿನ್ನ-ದಂತದ ಅಥೀನಾ ಇದ್ದಳು, ಶಿಲ್ಪಿ ಫೀಡಿಯಸ್ ಮಾಡಿದ್ದು. ಆದರೆ ಹಬ್ಬದಲ್ಲಿ ಹೊಸ ಬಟ್ಟೆ ನೇಯ್ದು ಉಡಿಸುತ್ತಿದ್ದುದು ಅವಳಿಗಲ್ಲ. ಎರೆಕ್ಥಿಯನ್ನಿನಲ್ಲಿದ್ದ ಆಲಿವ್ ಮರದ ಹಳೆಯ ಮೂರ್ತಿಗೆ. ಅದು ಆಕಾಶದಿಂದ ಬಿದ್ದದ್ದು ಅಂತ ನಂಬಿಕೆ. ಉದ್ಭವ ಮೂರ್ತಿ ಅಂದರೆ ಏನು ಅಂತ ಗೊತ್ತಿರುವ ನಮಗೆ ಇದು ತಟ್ಟನೆ ಅರ್ಥ ಆಗುತ್ತದೆ.

ಮಧ್ಯಾಹ್ನದ ಮೇಲೆ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಮ್. ಹದಿನೈದನೇ ಕೋಣೆಗೆ ಕಾಲಿಟ್ಟ ಕೂಡಲೇ ಮಗಳು ನನ್ನ ಕೈ ಹಿಡಿದುಕೊಂಡಳು.

ಕೋಣೆಯ ನಡುವೆ ಕಂಚಿನ ಆಳು ನಿಂತಿದ್ದಾನೆ. 2.09 ಮೀಟರ್ ಎತ್ತರ. ಎಡಗೈ ಮುಂದೆ ಚಾಚಿದೆ, ಗುರಿ ಹಿಡಿದ ಹಾಗೆ. ಬಲಗೈ ಹಿಂದಕ್ಕೆ ಹೋಗಿದೆ, ಈಗಲೋ ಆಗಲೋ ಎಸೆಯುತ್ತಾನೆ ಅನ್ನುವ ಹಾಗೆ. ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಟ್ಟು ಎದ್ದಿದೆ. ಕೂದಲನ್ನು ಜಡೆ ಹೆಣೆದು ತಲೆಗೆ ಸುತ್ತಿದ್ದಾನೆ. ಕಣ್ಣಿನ ಜಾಗದಲ್ಲಿ ಕತ್ತಲೆ, ಕೂರಿಸಿದ್ದ ಕಣ್ಣುಗಳು ಹೋಗಿವೆ. ಬಲಗೈ ಬೆರಳುಗಳು ಅರ್ಧ ಮುಚ್ಚಿವೆ. ಆ ಬೆರಳುಗಳ ನಡುವೆ ಏನೋ ಇತ್ತು. ಈಗ ಇಲ್ಲ.

ಕ್ರಿ.ಪೂ. 460ರ ಸುಮಾರಿನ ಮೂರ್ತಿ ಇದು. ಯೂಬಿಯಾ ದ್ವೀಪದ ಉತ್ತರಕ್ಕೆ, ಆರ್ಟೆಮಿಸಿಯನ್ ಭೂಶಿರದ ಹತ್ತಿರ ಸಮುದ್ರದಲ್ಲಿ ಮುಳುಗಿದ ಒಂದು ಹಡಗಿನಲ್ಲಿತ್ತು. 1926ರಲ್ಲಿ ಒಂದು ತೋಳು ಸಿಕ್ಕಿತು, 1928ರಲ್ಲಿ ಉಳಿದ ಮೈ. ನೆಲದ ಮೇಲೆ ಇದ್ದಿದ್ದರೆ ಯಾರೋ ಎಂದೋ ಕರಗಿಸಿ ಪಾತ್ರೆಯೋ ಕತ್ತಿಯೋ ಮಾಡುತ್ತಿದ್ದರು. ಗ್ರೀಕರ ಕಂಚಿನ ಮೂರ್ತಿಗಳಲ್ಲಿ ಹೆಚ್ಚಿನವು ಹೋಗಿದ್ದು ಹಾಗೇ. ಇವನನ್ನು ಸಮುದ್ರ ಕಾಪಾಡಿತು.

ಕೈಯಲ್ಲಿ ಸಿಡಿಲು ಇದ್ದಿದ್ದರೆ ದೇವರುಗಳ ರಾಜ ಝೀಯಸ್. ತ್ರಿಶೂಲ ಇದ್ದಿದ್ದರೆ ಪೊಸೈಡನ್. ನೂರು ವರ್ಷದಿಂದ ಜಗಳ ನಡೆದಿದೆ. ನಾವಿಬ್ಬರೂ ಸುತ್ತ ಮೂರು ಸಲ ಬಂದೆವು. ಪಕ್ಕದಿಂದ ನೋಡಿದಾಗ ಒಂದು ವಿಷಯ ಹೊಳೆಯಿತು. ಉದ್ದ ಹಿಡಿಯ ತ್ರಿಶೂಲ ಇಟ್ಟರೆ ಅದು ಸರಿಯಾಗಿ ಮುಖಕ್ಕೆ ಅಡ್ಡ ಬರುತ್ತದೆ. ಇಂಥ ಮುಖ ಮಾಡಿದವನು ಅದನ್ನು ಕೋಲಿನಿಂದ ಮುಚ್ಚುತ್ತಾನಾ? ವಿದ್ವಾಂಸರಲ್ಲಿ ತುಂಬಾ ಜನ ಇದೇ ಕಾರಣ ಕೊಟ್ಟು ಝೀಯಸ್ ಅನ್ನುತ್ತಾರೆ. ನನಗೂ ಹಾಗೇ ಅನ್ನಿಸಿತು.

"ನನ್ನ ಬುಕ್ಕಲ್ಲಿ ಝೀಯಸ್‌ಗೆ ಬಿಳಿ ಗಡ್ಡ ಅಮ್ಮಾ. ಅಜ್ಜನ ಥರ ಇರ್ತಾನೆ" ಅಂದಳು ಮಗಳು. ಇವನು ಮುದುಕನಲ್ಲ. ತೋಳು, ಹೊಟ್ಟೆ, ತೊಡೆ ಎಲ್ಲ ದುಡಿಯುವ ವಯಸ್ಸಿನವು. ಇವತ್ತು ಕಥೆ ಹೇಳುವವರು ಅವನನ್ನು ಸಿಂಹಾಸನದ ಮೇಲೆ ಕೂರಿಸಿ ವಯಸ್ಸು ಏರಿಸಿದ್ದಾರೆ. ಈ ಶಿಲ್ಪಿಗೆ ಬೇಕಾಗಿದ್ದು ಸಿಡಿಲು ಕೈಬಿಡುವ ಮೊದಲಿನ ಒಂದು ಕ್ಷಣ.

ಅದೇ ಕೋಣೆಯಲ್ಲಿ ಎರಡು ಮೀಟರಿಗಿಂತ ಎತ್ತರದ ಒಂದು ಕಲ್ಲಿನ ಫಲಕ. ಬೆಳೆಯ ದೇವತೆ, ತಾಯಿ ಡಿಮೀಟರ್ ಒಂದು ಕಡೆ, ಮಗಳು ಪರ್ಸೆಫನಿ ಇನ್ನೊಂದು ಕಡೆ, ನಡುವೆ ಟ್ರಿಪ್ಟೊಲೆಮಸ್ ಅನ್ನುವ ಹುಡುಗ. ತಾಯಿ ಅವನಿಗೆ ಏನೋ ಕೊಡುತ್ತಿದ್ದಾಳೆ. ಅದು ಗೋಧಿಯ ತೆನೆ ಇರಬೇಕು, ಲೋಹದಲ್ಲಿ ಮಾಡಿ ಸಿಕ್ಕಿಸಿರಬೇಕು. ಈಗ ಅಲ್ಲೂ ಏನಿಲ್ಲ. ಕೊಡುವ ಬೆರಳು ಇದೆ, ತೆಗೆದುಕೊಳ್ಳುವ ಬೆರಳು ಇದೆ. ಫಲಕ 1859ರಲ್ಲಿ ಎಲೂಸಿಸ್‌ನಲ್ಲಿ ಸಿಕ್ಕಿದ್ದು. ನಾಳೆ ಅಲ್ಲಿಗೇ ಹೊರಟಿದ್ದೆವು.

ಮೂರನೇ ದಿನ: ಎಲೂಸಿಸ್

ಅಥೆನ್ಸಿನಿಂದ ಪಶ್ಚಿಮಕ್ಕೆ ಇಪ್ಪತ್ತು ಕಿಲೋಮೀಟರ್. ರಸ್ತೆಯ ಹೆಸರು ಇವತ್ತಿಗೂ ಇಯೆರಾ ಓಡೋಸ್, ಅಂದರೆ ಪವಿತ್ರ ದಾರಿ. ಒಂದು ಕಾಲಕ್ಕೆ ಸಾವಿರಾರು ಜನ ಡಿಮೀಟರಳ ಗುಡಿಯಲ್ಲಿ ದೀಕ್ಷೆ ತೆಗೆದುಕೊಳ್ಳಲು ಇದೇ ದಾರಿಯಲ್ಲಿ ನಡೆದು ಹೋಗುತ್ತಿದ್ದರು. ಈಗ ಎರಡೂ ಕಡೆ ಟೈರ್ ಅಂಗಡಿ, ಗ್ಯಾರೇಜು, ಗೋದಾಮು. ಮುಂದೆ ಎಣ್ಣೆ ಶುದ್ಧೀಕರಣದ ಟ್ಯಾಂಕುಗಳು, ಕೊಲ್ಲಿಯಲ್ಲಿ ತುಕ್ಕು ಹಿಡಿದ ಹಡಗುಗಳು. ನಾವು ಒಂದು ಸ್ಟಾಪು ಮೊದಲೇ ಇಳಿದುಬಿಟ್ಟು ಅರ್ಧ ಗಂಟೆ ಬಿಸಿಲಲ್ಲಿ ನಡೆದೆವು. ಬೇಜಾರಾಗಲಿಲ್ಲ. ಈ ದಾರಿಯನ್ನು ಸ್ವಲ್ಪವಾದರೂ ನಡೆಯಬೇಕು.

ಬಾಗಿಲ ಹತ್ತಿರವೇ ಒಂದು ಹಳೆಯ ಬಾವಿ. ಕಲ್ಲಿಕೊರೋನ್ ಅಂತ ಹೆಸರು. ಇದರ ಸುತ್ತ ಹೆಂಗಸರು ಹಾಡುತ್ತಾ ಕುಣಿಯುತ್ತಿದ್ದರು. ಅಲ್ಲಿ ನೆರಳಲ್ಲಿ ಕೂತು ಮಗಳಿಗೆ ನಾನು ಕಥೆ ಹೇಳಿದೆ. ಊರು ಬಿಡುವ ಮೊದಲು ಓದಿಕೊಂಡಿದ್ದು ಇದೊಂದನ್ನೇ.

ಪರ್ಸೆಫನಿ ಹೂ ಕೊಯ್ಯುತ್ತಿದ್ದಾಗ ನೆಲ ಬಾಯಿ ಬಿಟ್ಟಿತು. ಪಾತಾಳದ ದೊರೆ ಹೇಡಿಸ್ ರಥದಲ್ಲಿ ಬಂದು ಹೊತ್ತೊಯ್ದ. ಅಪ್ಪ ಝೀಯಸ್ಸೇ ಒಪ್ಪಿಗೆ ಕೊಟ್ಟಿದ್ದ. ಅಮ್ಮನನ್ನು ಯಾರೂ ಕೇಳಿರಲಿಲ್ಲ. ಡಿಮೀಟರ್ ಒಂಬತ್ತು ದಿನ ಊಟ ನೀರು ಬಿಟ್ಟು ಪಂಜು ಹಿಡಿದು ಹುಡುಕಿದಳು. ಕೊನೆಗೆ ಮುದುಕಿಯ ವೇಷದಲ್ಲಿ ಈ ಊರಿಗೆ ಬಂದು ಒಂದು ಬಾವಿ ಕಟ್ಟೆಯ ಹತ್ತಿರ ಕೂತಳು. ರಾಜನ ಹೆಣ್ಣುಮಕ್ಕಳು ನೀರಿಗೆ ಬಂದವರು "ಅಜ್ಜಿ, ಯಾಕೆ ಒಬ್ಬಳೇ ಕೂತಿದ್ದೀಯ" ಅಂತ ವಿಚಾರಿಸಿ ಮನೆಗೆ ಕರೆದುಕೊಂಡು ಹೋದರು. ಅವರ ತಮ್ಮ, ಕೈಕೂಸು, ಅದನ್ನು ಸಾಕಿದಳು. ಆ ಮನೆಯಲ್ಲೂ ನೆಮ್ಮದಿ ಸಿಗಲಿಲ್ಲ. ಆಮೇಲೆ ಸಿಟ್ಟು ಹತ್ತಿ ಭೂಮಿಯಲ್ಲಿ ಒಂದು ಕಾಳೂ ಮೊಳೆಯದ ಹಾಗೆ ಮಾಡಿದಳು. ಆಗ ದೇವರುಗಳು ದಾರಿಗೆ ಬಂದರು. ಮಗಳು ವಾಪಸ್ಸಾದಳು, ಆದರೆ ಪಾತಾಳದಲ್ಲಿ ಒಂದು ದಾಳಿಂಬೆ ಕಾಳು ತಿಂದಿದ್ದಳು. ಹಾಗಾಗಿ ವರ್ಷದಲ್ಲಿ ಮೂರನೇ ಒಂದು ಪಾಲು ಅಲ್ಲೇ ಇರಬೇಕು.

"ನಾನು ಓದಿದ ಕಾಮಿಕ್ಸಲ್ಲಿ ಅವರಿಬ್ಬರೂ ಲವ್ ಮಾಡ್ತಿರ್ತಾರೆ" ಅಂದಳು ಮಗಳು. "ಅವಳೇ ಬೇಕಂತ ದಾಳಿಂಬೆ ತಿಂತಾಳೆ. ಅಮ್ಮನ ಕಾಟ ತಾಳಲಾರದೆ."

ಹೊಸ ಕಥೆಗಳಲ್ಲಿ ಹೀಗೇ ಬರುತ್ತದೆ. ಕಳ್ಳ ಈಗ ಪ್ರೇಮಿ, ಅಮ್ಮ ಈಗ ಕಾಟದವಳು. ನನಗೆ ಒಂದು ಕ್ಷಣ ಎದೆ ಚುಚ್ಚಿತು. ಆದರೆ ಈ ಕಥೆ ಬರುವ ಡಿಮೀಟರಳ ಹಳೆಯ ಸ್ತೋತ್ರದಲ್ಲೇ ಒಂದು ಸೂಕ್ಷ್ಮ ಇದೆ. ಕವಿ ಹೇಳುವಾಗ ಹೇಡಿಸ್ ಗುಟ್ಟಾಗಿ ಕಾಳು ತಿನ್ನಿಸಿದ ಅನ್ನುತ್ತಾನೆ. ಪರ್ಸೆಫನಿ ಅಮ್ಮನಿಗೆ ಹೇಳುವಾಗ "ಬಲವಂತ ಮಾಡಿ ತಿನ್ನಿಸಿದ" ಅನ್ನುತ್ತಾಳೆ. ಇದನ್ನು ಹೇಳಿದಾಗ ಮಗಳು ಸ್ವಲ್ಪ ಹೊತ್ತು ಯೋಚಿಸಿದಳು. "ಅಮ್ಮನ ಹತ್ರ ಹೇಳೋವಾಗ ಸ್ವಲ್ಪ ಬೇರೆ ಥರಾನೇ ಹೇಳ್ತೀವಿ ಅಲ್ವಾ" ಅಂದಳು. ಎರಡೂವರೆ ಸಾವಿರ ವರ್ಷದ ಹಿಂದಿನ ಆ ಕವಿಗೂ ಇದು ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ದೀಕ್ಷೆ ಕೊಡುತ್ತಿದ್ದ ದೊಡ್ಡ ಹಜಾರದ ನೆಲ ಮಾತ್ರ ಉಳಿದಿದೆ. ಸುತ್ತ ಬಂಡೆಯಲ್ಲೇ ಕಡಿದ ಮೆಟ್ಟಿಲು. ಒಳಗೆ ಏನು ತೋರಿಸುತ್ತಿದ್ದರು ಅನ್ನುವುದು ಗುಟ್ಟು. ಬಾಯಿ ಬಿಟ್ಟರೆ ಮರಣದಂಡನೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಲಕ್ಷಾಂತರ ಜನ ಬಂದು ಹೋದರೂ ಯಾರೂ ಪೂರ್ತಿ ಬರೆದಿಡಲಿಲ್ಲ.

ಮ್ಯೂಸಿಯಮ್ಮಿನಲ್ಲಿ ಕಂಬದ ಬದಲು ನಿಲ್ಲಿಸಿದ್ದ ಒಬ್ಬ ಹೆಂಗಸಿನ ಶಿಲ್ಪ, ಮೇಲಿನ ಅರ್ಧ ಮಾತ್ರ. ತಲೆಯ ಮೇಲೆ ಪೂಜೆಯ ಬುಟ್ಟಿ, ಬುಟ್ಟಿಯ ಮೇಲೆ ಗೋಧಿ ತೆನೆಯ ಚಿತ್ತಾರ. ನನಗೆ ನಮ್ಮೂರ ದೀವರ ಮನೆಗಳ ಭೂಮಣ್ಣಿ ಬುಟ್ಟಿ ನೆನಪಾಯಿತು. ಭೂಮಿ ಹುಣ್ಣಿಮೆಯ ದಿನ ನಸುಕಿನಲ್ಲಿ ಬಸುರಿ ಭೂಮಿಗೆ ಬಯಕೆ ಊಟ ಅಂತ ಚಿತ್ತಾರ ಬರೆದ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರಲ್ಲ, ಅದು. ನಾವು ಹೊರಟಿದ್ದು ಅದೇ ತಿಂಗಳಲ್ಲಿ.

ಈ ಹೆಂಗಸಿಗೆ ಒಬ್ಬ ಜೋಡಿ ಇದ್ದಳು. ಊರಿನವರು ಅವಳ ಕುತ್ತಿಗೆವರೆಗೂ ಗೊಬ್ಬರ ಸುರಿದು, ದೀಪ ಹಚ್ಚಿ, ಬೆಳೆ ಕೊಡುವ ತಾಯಿ ಅಂತ ನಡೆದುಕೊಳ್ಳುತ್ತಿದ್ದರು. ಕ್ರೈಸ್ತರಾಗಿ ಸಾವಿರ ವರ್ಷ ಕಳೆದ ಮೇಲೂ. 1801ರಲ್ಲಿ ಕ್ಲಾರ್ಕ್ ಅನ್ನುವ ಇಂಗ್ಲಿಷಿನವನು ಅನುಮತಿ ಪತ್ರ ತಂದು ಅವಳನ್ನು ಸಾಗಿಸಿದ. ಹಿಂದಿನ ಸಂಜೆ ಒಂದು ಎತ್ತು ಹಗ್ಗ ಕಿತ್ತುಕೊಂಡು ಬಂದು ಮೂರ್ತಿಗೆ ಹಾಯ್ದು ಗದ್ದೆಗೆ ಓಡಿತಂತೆ. ಜನ ಹೆದರಿದರು, ಬೇಡ ಅಂದರು. ಹಡಗು ಇಂಗ್ಲೆಂಡಿನ ತೀರದಲ್ಲೇ ಒಡೆಯಿತು. ಮೂರ್ತಿಯನ್ನು ನೀರಿನಿಂದ ಎತ್ತಿದರು. ಅವಳು ಈಗ ಕೇಂಬ್ರಿಡ್ಜ್ ಮ್ಯೂಸಿಯಮ್ಮಿನಲ್ಲಿದ್ದಾಳೆ.

ಗುಡ್ಡದ ಮೇಲೆ ಮೇರಿ ಮಾತೆಯ ಒಂದು ಪುಟ್ಟ ಚರ್ಚು. ಪನಾಯಿಯಾ ಮೆಸೊಸ್ಪೊರಿತಿಸ್ಸಾ ಅಂತ ಹೆಸರು. ಬಿತ್ತನೆ ನಡುವಿನ ಮಾತೆ ಅಂತ ಅರ್ಥ. ಅಂಗಳ ಗುಡಿಸುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ತುಂಡು ಇಂಗ್ಲಿಷಿನಲ್ಲಿ, ಜಾಸ್ತಿ ಕೈಯಲ್ಲೇ, ಹಬ್ಬದ ಬಗ್ಗೆ ಹೇಳಿದರು. ನವೆಂಬರ್ 21ರ ಹಿಂದಿನ ಸಂಜೆ ಊರ ಹೆಂಗಸರು ರೊಟ್ಟಿ ತರುತ್ತಾರೆ. ಗೋಧಿ, ಕಡಲೆ, ಬೇಳೆ ಎಲ್ಲ ಸೇರಿಸಿ ಬೇಯಿಸಿ ದಾಳಿಂಬೆ ಉದುರಿಸಿ ಹಂಚುತ್ತಾರೆ. ಗುಗ್ಗರಿ! ನಾನು ಕನ್ನಡದಲ್ಲೇ ಕೂಗಿಬಿಟ್ಟೆ. ಅವರಿಗೆ ಏನು ಅರ್ಥವಾಯಿತೋ, ನಕ್ಕು ನನ್ನ ಮಗಳ ತಲೆ ಸವರಿದರು.

ನಾಲ್ಕನೇ ದಿನ: ಬ್ರೌರಾನ್

ಇಲ್ಲಿಗೆ ಪ್ರವಾಸಿಗರು ಕಮ್ಮಿ. ಅಥೆನ್ಸಿನ ಪೂರ್ವಕ್ಕೆ, ಸಮುದ್ರದ ಹತ್ತಿರ, ಜೊಂಡು ಬೆಳೆದ ಜೌಗು ನೆಲ. ಕಪ್ಪೆ ವಟಗುಟ್ಟುತ್ತಿತ್ತು. ಇದು ಆರ್ಟೆಮಿಸ್ ಗುಡಿ. ಅಥೆನ್ಸಿನ ಐದರಿಂದ ಹತ್ತು ವರ್ಷದ ಹುಡುಗಿಯರು ಇಲ್ಲಿಗೆ ಬಂದು ದೇವತೆಯ ಸೇವೆ ಮಾಡುತ್ತಿದ್ದರು. ಅವರನ್ನು 'ಕರಡಿಗಳು' ಅಂತ ಕರೆಯುತ್ತಿದ್ದರು. ದೊಡ್ಡವರಾಗುವ ಮೊದಲು ಒಂದಿಷ್ಟು ದಿನ ಕಾಡಿನ ಮರಿಗಳಾಗಿ ಇರುವುದು. ಮ್ಯೂಸಿಯಮ್ಮಿನಲ್ಲಿ ಅಂಥ ಪುಟ್ಟ ಹುಡುಗಿಯರ ಮೂರ್ತಿಗಳಿವೆ. ಒಬ್ಬಳು ಸೆರಗಿನ ಮಡಿಲಲ್ಲಿ ಮೊಲ ಹಿಡಿದು ನಿಂತಿದ್ದಾಳೆ. ಈ ಕೈ ಮುರಿದಿಲ್ಲ. ಮೊಲ ಜಾರದ ಹಾಗೆ ಅವಳು ಬೆರಳು ಅಗಲಿಸಿ ಹಿಡಿದ ರೀತಿ ನೋಡಿದರೆ ಇದನ್ನು ಕೆತ್ತಿದವನ ಮನೆಯಲ್ಲಿ ಮಗಳು ಇದ್ದಿರಬೇಕು.

ನಾನು ಇಲ್ಲಿಗೆ ಬಂದಿದ್ದಕ್ಕೆ ಬೇರೆ ಕಾರಣವೂ ಇದೆ. ಹಳೆಯ ಗ್ರೀಕ್ ನಾಟಕಕಾರ ಯೂರಿಪಿಡೀಸನ ಒಂದು ನಾಟಕದಲ್ಲಿ ಇಫಿಜೀನಿಯಾ ದೂರದ ದೇಶದಲ್ಲಿ ಆರ್ಟೆಮಿಸ್ ಗುಡಿಯ ಪೂಜಾರಿಣಿ. ತಮ್ಮ ಬಂದು ಬಿಡಿಸಿಕೊಂಡು ಹೋಗುತ್ತಾನೆ. ಕೊನೆಗೆ ಅಥೀನಾ ಕಾಣಿಸಿಕೊಂಡು "ನೀನು ಬ್ರೌರಾನಿನಲ್ಲಿ ಗುಡಿಯ ಬೀಗದ ಕೈ ಇಟ್ಟುಕೊಂಡಿರು" ಅನ್ನುತ್ತಾಳೆ. ಇದೇ ಕಥೆಯನ್ನು ಐನೂರು ವರ್ಷದ ನಂತರ ಯಾರೋ ನಗೆನಾಟಕ ಮಾಡಿದರು. ಅದರ ಹಾಳೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾಯಿತು. ಕ್ಯಾರಿಷನ್ ಅನ್ನುವ ಗ್ರೀಕ್ ಹುಡುಗಿ ಭಾರತದ ಸಮುದ್ರ ತೀರದ ಒಂದು ಗುಡಿಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಅಣ್ಣ ಅವಳನ್ನು ಪಾರು ಮಾಡುತ್ತಾನೆ. ಆ ರಾಜ, ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಅಂತ ಮೊದಲು ಜರ್ಮನ್ ವಿದ್ವಾಂಸ ಹುಲ್ಟ್ಷ್, ಆಮೇಲೆ ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು ವಾದಿಸಿದರು. ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಎಲ್ಲ ವಿದ್ವಾಂಸರು ಒಪ್ಪಿಲ್ಲ. ಆದರೂ ಜೊಂಡಿನ ನಡುವೆ ನಿಂತು ಮಗಳಿಗೆ ಇದನ್ನು ಹೇಳುವಾಗ ನನ್ನ ಮೈ ಜುಮ್ಮೆಂದಿತು. ಅಥೆನ್ಸಿನ ದೇವತೆಯ ಕಥೆ ಹಡಗು ಹತ್ತಿ ಕರಾವಳಿಯ ಹತ್ತಿರ ಎಲ್ಲೋ ಬಂದು, ನಮ್ಮ ಮಾತಿನಂಥ ಎರಡು ಮಾತು ಕಲಿತು ಹೋಗಿರಬಹುದು.

ಐದನೇ ದಿನ: ಡೆಲ್ಫಿ

ಬಸ್ಸಿನಲ್ಲಿ ಮೂರು ಗಂಟೆ. ಅರ್ಧದಲ್ಲಿ ಬೆಟ್ಟ ಶುರು. ಅರಾಕೋವಾ ದಾಟಿದ ಮೇಲೆ ರಸ್ತೆ ಪರ್ನಾಸಸ್ ಬೆಟ್ಟದ ಪಕ್ಕೆಗೆ ಅಂಟಿಕೊಂಡು ಹೋಗುತ್ತದೆ. ಕೆಳಗೆ ಕಣಿವೆ ತುಂಬ ಆಲಿವ್ ತೋಟ, ಸಮುದ್ರದವರೆಗೂ. ಝೀಯಸ್ ಭೂಮಿಯ ಎರಡು ತುದಿಯಿಂದ ಎರಡು ಹದ್ದು ಬಿಟ್ಟನಂತೆ. ಅವು ಬಂದು ಸೇರಿದ ಜಾಗ ಇದು. ಭೂಮಿಯ ಹೊಕ್ಕುಳು.

ಅಪೊಲೊನ ಗುಡಿಯ ಆರು ಕಂಬ ಎತ್ತಿ ನಿಲ್ಲಿಸಿದ್ದಾರೆ. ಇಲ್ಲಿ ಪಿಥಿಯಾ ಅನ್ನುವ ಹೆಂಗಸಿನ ಮೈಮೇಲೆ ದೇವರು ಬಂದು ಮಾತಾಡುತ್ತಿದ್ದ. ರಾಜರು ಯುದ್ಧ ಕೇಳಿದರು, ರೈತರು ಮದುವೆ ಕೇಳಿದರು. ಫೋಟೊ ತೆಗೆಯುವವರ ಗಲಾಟೆಯಲ್ಲಿ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಾಗಲಿಲ್ಲ.

ಮೇಲಿನ ರಂಗಮಂದಿರದ ಕಲ್ಲಿನ ಮೆಟ್ಟಿಲ ಮೇಲೆ ಮಾತ್ರ ಒಂದು ಗಂಟೆ ಕೂತೆವು. 1927ರಲ್ಲಿ ಕವಿ ಆಂಗೆಲೋಸ್ ಸಿಕೆಲಿಯಾನೋಸ್ ಮತ್ತು ಅವನ ಅಮೆರಿಕದ ಹೆಂಡತಿ ಇವಾ ಪಾಮರ್ ಇಲ್ಲೇ ಪ್ರಮೀಥಿಯಸ್ಸಿನ ನಾಟಕ ಆಡಿಸಿದರು. ಮನುಷ್ಯರಿಗೆ ಬೆಂಕಿ ಕೊಟ್ಟದ್ದಕ್ಕೆ ಬಂಡೆಗೆ ಕಟ್ಟಿಸಿಕೊಂಡವನ ಕಥೆ. ನಾಟಕದ ಬಟ್ಟೆಗಳನ್ನು ಇವಾ ತಾನೇ ಮಗ್ಗದಲ್ಲಿ ನೇಯ್ದಳು. ಗಿರಣಿ ಬಟ್ಟೆಗೆ ಹಳೆಯ ಮೂರ್ತಿಗಳ ಮಡಿಕೆ ಬರುವುದಿಲ್ಲ ಅನ್ನುವುದು ಅವಳ ನಂಬಿಕೆ. ಹಳೆಯ ದೇವರನ್ನು ಮತ್ತೆ ನಿಲ್ಲಿಸುವುದಕ್ಕೆ ನೂಲಿನಿಂದ ಶುರು ಮಾಡಿದವಳು. ಇವತ್ತು ದೇವರ ಕಥೆಗೆ ಕಂಪ್ಯೂಟರಿನಲ್ಲಿ ಮಿಂಚು ಸಿಡಿಸುವವರಿಗೆ ಇವಳ ಬಗ್ಗೆ ಹೇಳಬೇಕು.

ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಕಂಚಿನ ಸಾರಥಿಯ ಸುತ್ತ. ಅವನು ಚೆಂದವೇ. ಬಲಗೈಯಲ್ಲಿ ಲಗಾಮು, ಕಣ್ಣಿಗೆ ಕಂಚಿನ ರೆಪ್ಪೆಗೂದಲು. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಒಂದು ಬೋಗುಣಿ. ಅಂಗೈಗಿಂತ ಸ್ವಲ್ಪ ದೊಡ್ಡದು, ಕ್ರಿ.ಪೂ. 480ರ ಆಸುಪಾಸಿನದು. ಒಳಗೆ ಬಿಳಿ ಬಣ್ಣದ ಮೇಲೆ ಅಪೊಲೊ ಕೂತಿದ್ದಾನೆ. ಎಡಗೈಯಲ್ಲಿ ಆಮೆ ಚಿಪ್ಪಿನ ವೀಣೆ. ಬಲಗೈಯಲ್ಲಿ ಬಟ್ಟಲು, ಅದರಿಂದ ಮದ್ಯವನ್ನು ನೆಲಕ್ಕೆ ಧಾರೆ ಎರೆಯುತ್ತಿದ್ದಾನೆ. ಎದುರಿಗೆ ಒಂದು ಕಪ್ಪು ಕಾಗೆ.

ಮಗಳಿಗೆ ಕಾಗೆಯ ಕಥೆ ಗೊತ್ತಿತ್ತು. ಮೊದಲು ಅದು ಬೆಳ್ಳಗಿತ್ತು. ಅಪೊಲೊ ಪ್ರೀತಿಸಿದ ಕೊರೋನಿಸ್ ಬೇರೊಬ್ಬನನ್ನು ಕೂಡಿದಳು ಅಂತ ಸುದ್ದಿ ತಂದಿತು. ಅಪೊಲೊನ ಸಿಟ್ಟಿಗೆ ಕಪ್ಪಾಯಿತು. ಸತ್ತ ಕೊರೋನಿಸ್‌ಳ ಹೊಟ್ಟೆಯಿಂದ ತೆಗೆದ ಮಗುವೇ ವೈದ್ಯದ ದೇವರು ಅಸ್ಕ್ಲೀಪಿಯಸ್. "ಪಾಪ ಕಾಗೆ. ನಿಜ ಹೇಳಿದ್ದಕ್ಕೆ" ಅಂದಳು.

ನನಗೆ ಆ ಬಲಗೈಯ ಯೋಚನೆ. ಧಾರೆ ಎರೆಯುವುದು ಭಕ್ತರು, ದೇವರಿಗೆ. ಇವನೇ ದೇವರು. ಇವನು ಯಾರಿಗೆ ಎರೆಯುತ್ತಿದ್ದಾನೆ? ಪಕ್ಕದ ಫಲಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ತನ್ನ ಸಿಟ್ಟಿಗೆ ಬಲಿಯಾದ ಕೊರೋನಿಸ್‌ಳಿಗಾಗಿ ಎರೆಯುತ್ತಿದ್ದಾನೆ ಅಂತ ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳಲು ನನ್ನ ಹತ್ತಿರ ಆಧಾರ ಏನೂ ಇಲ್ಲ.

ಆರನೇ ದಿನ: ರಸ್ತೆ

ಪೂರ್ತಿ ದಿನ ಪ್ರಯಾಣ. ಕೊರಿಂತ್ ಕೊಲ್ಲಿಯ ಬಾಯಿಯಲ್ಲಿ 2004ರಲ್ಲಿ ಕಟ್ಟಿದ ರಿಯೊ ಸೇತುವೆ ದಾಟಿದೆವು. ಎರಡೂ ಕಡೆ ನೀಲಿ. ಮಗಳು ಪೆಟ್ರೋಲ್ ಬಂಕಿನ ಬೋರ್ಡೂ ಬಿಡದೆ ಓದಿದಳು.

ಏಳನೇ ದಿನ: ಒಲಿಂಪಿಯಾ

ಝೀಯಸ್ಸಿನ ಗುಡಿಯ ಕಂಬಗಳು ಭೂಕಂಪಕ್ಕೆ ಬಿದ್ದು, ಕತ್ತರಿಸಿದ ಬಾಳೆದಿಂಡಿನ ಬಿಲ್ಲೆಗಳ ಹಾಗೆ ಸಾಲಾಗಿ ಮಲಗಿವೆ. ಇದರ ಒಳಗೆ ಫೀಡಿಯಸ್ ಮಾಡಿದ ಝೀಯಸ್ ಇದ್ದ. ಹತ್ತಿರ ಹತ್ತಿರ 12 ಮೀಟರ್, ದಂತ ಮತ್ತು ಚಿನ್ನ. ಬಲಗೈಯಲ್ಲಿ ವಿಜಯದ ದೇವತೆ, ಎಡಗೈಯಲ್ಲಿ ಹದ್ದು ಕೂತ ರಾಜದಂಡ. ಏಳು ಅದ್ಭುತಗಳಲ್ಲಿ ಒಂದು. ಅದರ ಒಂದು ಚೂರೂ ಉಳಿದಿಲ್ಲ.

ಮ್ಯೂಸಿಯಮ್ಮಿನಲ್ಲಿ ಹೆರಾಕ್ಲಿಸನ ಹನ್ನೆರಡು ಸಾಹಸದ ಫಲಕಗಳಿವೆ. ಇವನನ್ನು ನಾವು ಹರ್ಕ್ಯುಲಿಸ್ ಅಂತ ಕರೆಯುತ್ತೇವೆ. ಮಗಳು ಚಿಕ್ಕವಳಿದ್ದಾಗ ನೋಡಿದ ಕಾರ್ಟೂನ್ ಸಿನಿಮಾದಲ್ಲಿ ಇವನು ಝೀಯಸ್ ಮತ್ತು ಅವನ ಹೆಂಡತಿ ಹೀರಾಳ ಮುದ್ದಿನ ಮಗ. ಹಳೆಯ ಕಥೆಯಲ್ಲಿ ಇವನು ಹೀರಾಳ ಮಗನೇ ಅಲ್ಲ. ಅವಳು ತೊಟ್ಟಿಲಿಗೇ ಹಾವು ಬಿಟ್ಟವಳು. ಹೆಸರಿನ ಅರ್ಥ ಮಾತ್ರ ಹೀರಾಳ ಕೀರ್ತಿ ಅಂತ. ಜೀವನವಿಡೀ ಕಾಡಿದವಳ ಹೆಸರನ್ನೇ ಹೊತ್ತು ತಿರುಗಿದ.

ಒಂದು ಫಲಕದ ಮುಂದೆ ನಾವು ತುಂಬ ಹೊತ್ತು ಇದ್ದೆವು. ಆಕಾಶ ಹೊರುವ ಕೆಲಸ ಅಟ್ಲಾಸನದು. ಅವನು ಚಿನ್ನದ ಸೇಬು ತರಲು ಹೋದಾಗ ಹೆರಾಕ್ಲಿಸ್ ಆಕಾಶಕ್ಕೆ ಹೆಗಲು ಕೊಟ್ಟಿದ್ದಾನೆ. ಹೊರೆ ಹೊರುವವರು ಸಿಂಬಿ ಇಟ್ಟುಕೊಳ್ಳುವ ಹಾಗೆ ಹೆಗಲ ಮೇಲೆ ಮಡಿಸಿದ ದಿಂಬು ಇಟ್ಟುಕೊಂಡಿದ್ದಾನೆ. ಎದುರಿಗೆ ಅಟ್ಲಾಸ್ ಎರಡೂ ಕೈಯಲ್ಲಿ ಹಣ್ಣು ಚಾಚಿ ನಿಂತಿದ್ದಾನೆ. ಹೆರಾಕ್ಲಿಸನ ಹಿಂದೆ ಅಥೀನಾ. ಕವಚ ಇಲ್ಲ, ಈಟಿ ಎತ್ತಿಲ್ಲ. ಸುಮ್ನೆ ಮನೆಯಲ್ಲಿ ನಿಂತ ಹಾಗೆ ನಿಂತು ಒಂದು ಕೈ ಮೇಲೆತ್ತಿದ್ದಾಳೆ. ಅಂಗೈ ಆಕಾಶಕ್ಕೆ ತಾಗಿದೆ. ಅವನು ಎರಡು ಕೈ, ಬೆನ್ನು, ದಿಂಬು ಎಲ್ಲ ಸೇರಿಸಿ ಹೊತ್ತಿದ್ದನ್ನು ಅವಳು ಒಂದು ಅಂಗೈಯಲ್ಲಿ ಹಗುರ ಮಾಡುತ್ತಿದ್ದಾಳೆ. ಅವನು ತಿರುಗಿ ನೋಡಿಲ್ಲ. ಸಹಾಯ ಸಿಕ್ಕಿದ್ದು ಅವನಿಗೆ ಗೊತ್ತಾಗಿದೆಯೋ ಇಲ್ಲವೋ.

ಅಜ್ಜ ಇದ್ದಿದ್ದರೆ ಈ ಕೈ ತೋರಿಸುತ್ತಿದ್ದೆ. ಇದರಲ್ಲಿ ಆಯುಧ ಇಲ್ಲ, ಹೂವಿಲ್ಲ, ಹಣ್ಣಿಲ್ಲ. ಆದರೂ ಯಾರು ಅಂತ ಗೊತ್ತಾಗುತ್ತದೆ.

ಪಕ್ಕದ ಕೋಣೆಯಲ್ಲಿ ದೇವರುಗಳ ದೂತ ಹರ್ಮಿಸ್ ಇದ್ದ, 1877ರಲ್ಲಿ ಹೀರಾಳ ಗುಡಿಯಲ್ಲಿ ಸಿಕ್ಕವನು. ತೋಳಲ್ಲಿ ಮದ್ಯದ ದೇವರು ಡಯೊನೈಸಸ್, ಇನ್ನೂ ಮಗು. ಮಗು ಕೈಚಾಚಿದೆ, ಹರ್ಮಿಸ್‌ನ ಬಲಗೈ ಮುರಿದಿದೆ. ದ್ರಾಕ್ಷಿ ಗೊಂಚಲು ತೋರಿಸಿ ಆಡಿಸುತ್ತಿದ್ದ ಅನ್ನುತ್ತಾರೆ. ಮಗಳು "ಇದಂತೂ ಪಕ್ಕಾ ದ್ರಾಕ್ಷಿನೇ. ಮಗು ಮುಖ ನೋಡು" ಅಂದಳು.

ಹೊರಡುವ ಹೊತ್ತಾಗಿತ್ತು. ಕೊನೆಯಲ್ಲಿ ಫೀಡಿಯಸ್ಸಿನ ಕಾರ್ಯಾಗಾರದ ಸಾಮಾನುಗಳು. ಗುಡಿಯ ಎದುರಿಗೇ ಅವನ ಕಾರ್ಯಾಗಾರ ಇತ್ತು, ಆಮೇಲೆ ಅದನ್ನೇ ಚರ್ಚು ಮಾಡಿಕೊಂಡರು. 1950ರ ದಶಕದಲ್ಲಿ ಜರ್ಮನಿಯವರು ಅಗೆದಾಗ ಬಟ್ಟೆಯ ಮಡಿಕೆ ಮಾಡಲು ಬಳಸಿದ ಮಣ್ಣಿನ ಅಚ್ಚುಗಳು, ದಂತದ ಚೂರು, ಉಪಕರಣ ಸಿಕ್ಕವು. ಅವುಗಳ ನಡುವೆ ಒಂದು ಸಣ್ಣ ಕರಿಯ ಹೂಜಿ. ಕೆಲಸದ ನಡುವೆ ನೀರೋ ಮದ್ಯವೋ ಕುಡಿಯಲು ಇಟ್ಟುಕೊಂಡಿದ್ದಂಥದ್ದು. ಅಡಿಯಲ್ಲಿ ಗೀರಿದ ಅಕ್ಷರ ಇವೆ ಅಂತ ಫಲಕದಲ್ಲಿ ಬರೆದು ಅವನ್ನು ತೋರಿಸಿದ್ದರು.

ಮಗಳು ಒಂದೊಂದೇ ಅಕ್ಷರ ಕೂಡಿಸಿದಳು. "ಫೈ... ಎಪ್ಸಿಲಾನ್... ಅಯೋಟಾ... ಡೆಲ್ಟಾ. ಫೀಡಿಯೊ. ಫೀಡಿಯೊ ಐಮಿ." ಅರ್ಥ ಕೆಳಗೆ ಇಂಗ್ಲಿಷಿನಲ್ಲಿತ್ತು. ನಾನು ಫೀಡಿಯಸ್ಸನದು.

ಹೂಜಿಗೆ ಒಂದು ಸಣ್ಣ ಹಿಡಿ ಇತ್ತು. ಮಗಳು ಗಾಜಿನ ಈಚೆ ನಿಂತು, ಬೆರಳು ಮಡಿಸಿ, ಅಳತೆ ನೋಡಿದಳು.